ಕರಾವಳಿ ಊರುಗಳ ಜಂಟಿ ಯೋಜನೆಗೆ ಹೊಸ ಪ್ರಾಧಿಕಾರ ಬೇಕೇ?

ಮಾನ್ಯರೇ, ಮಂಗಳೂರು, ಉಳ್ಳಾಲ, ಬಂಟ್ವಾಳಗಳು ಬೆಳವಣಿಗೆಯನ್ನು ಒಟ್ಟಾಗಿ ಯೋಜಿಸಲು ಹೊಸ ಪ್ರಾಧಿಕಾರವೊಂದು ಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲವೆಂದೇ ನನ್ನ ಅಭಿಪ್ರಾಯ. ಸಂವಿಧಾನದ 243ಝಡ್‌ಡಿ ವಿಧಿಯು ಪ್ರತಿ ಜಿಲ್ಲೆಗೂ ಯೋಜನಾ ಸಮಿತಿಯನ್ನು ವಿಧಿಸಿದ್ದು, ಪಂಚಾಯತಿಗಳಿಗೂ ಪುರಸಭೆಗಳಿಗೂ ಸಮಾನವಾದ ವಿಷಯಗಳನ್ನು, ಅಂದರೆ ಭೂಬಳಕೆ, ನೀರಿನ ಹಂಚಿಕೆ, ಮೂಲಸೌಕರ್ಯ, ಪರಿಸರ ರಕ್ಷಣೆಗಳನ್ನು, ಅದು ಒಟ್ಟಿಗೆ ಪರಿಗಣಿಸಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಅದರ ಸದಸ್ಯರಲ್ಲಿ ಕನಿಷ್ಠ ಐದರಲ್ಲಿ ನಾಲ್ಕು ಭಾಗದಷ್ಟು ಮಂದಿ ಚುನಾಯಿತ ಪ್ರತಿನಿಧಿಗಳಿಂದಲೇ ಆಯ್ಕೆಯಾಗಬೇಕು. ಅಧಿಕಾರಿಗಳೇ ತುಂಬಿದ ಮತ್ತೊಂದು ಪ್ರಾಧಿಕಾರಕ್ಕೆ ಈ ಬಲವಿರುವುದಿಲ್ಲ.

ಒಂಟಿಯಾಗಿ ಯೋಜಿಸುವುದು ಏಕೆ ಸಾಲದು ಎಂಬುದಕ್ಕೆ ನೀರೇ ಸಾಕ್ಷಿ. ಮಂಗಳೂರು ಕುಡಿಯುವುದು ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ತಡೆದ ನೇತ್ರಾವತಿಯ ನೀರನ್ನು. ಹೀಗಿರುವಾಗ ಮೇಲ್ಭಾಗದ ಊರು ತನ್ನ ಕೊಳಚೆಯನ್ನು ಎಲ್ಲಿ ಬಿಡುತ್ತದೆ ಎಂಬುದು ಕೆಳಗಿನ ನಗರದ ಪ್ರಶ್ನೆಯೂ ಹೌದು. ಕಡಲ ದಂಡೆಯದೂ ಅದೇ ಕಥೆ: ಒಂದೆಡೆ ಕಟ್ಟಿದ ತಡೆಗೋಡೆಯು ಮರಳಿನ ಚಲನೆಯನ್ನು ತಡೆದು ಪಕ್ಕದ ತೀರದ ಕೊರೆತವನ್ನು ಹೆಚ್ಚಿಸಬಲ್ಲದು. ಇದರ ಮೇಲೆ, 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಪ್ರಕಾರ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನಸಾಂದ್ರತೆಯಿರುವ ಗ್ರಾಮೀಣ ಪ್ರದೇಶದಲ್ಲಿ ಸಮುದ್ರದ ಉಬ್ಬರರೇಖೆಯಿಂದ 50 ಮೀಟರ್, ಉಳಿದ ಗ್ರಾಮೀಣ ಪ್ರದೇಶದಲ್ಲಿ 200 ಮೀಟರ್ ನಿರ್ಮಾಣ ನಿಷೇಧವಿದೆ. ಅಕ್ಕಪಕ್ಕದ ಹಳ್ಳಿಗಳಿಗೆ ಬೇರೆ ಬೇರೆ ಗೆರೆ ಬಿದ್ದಾಗ ರೆಸಾರ್ಟುಗಳು ಎತ್ತ ವಾಲುತ್ತವೆ ಎಂದು ಊಹಿಸುವುದು ಕಷ್ಟವಲ್ಲ.

ನೀವು ಮೊದಲಿಗೆ ಜಿಲ್ಲಾ ಯೋಜನಾ ಸಮಿತಿಯ ಇತ್ತೀಚಿನ ಕರಡು ಯೋಜನೆಯನ್ನೂ ಸಭಾ ನಡಾವಳಿಯನ್ನೂ ಮಾಹಿತಿ ಹಕ್ಕಿನಡಿ ಜಿಲ್ಲಾ ಪಂಚಾಯತಿಯಿಂದ ಕೇಳಿ ಪಡೆಯುವುದು ಒಳಿತು.