ಮಗು ಯಾರ ಹತ್ರ ಇರಬೇಕು? – ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ಮೇಡಂ, ಡೊಂಬಿವಲಿಯಲ್ಲಿ ಇದ್ದೇನೆ, ಹೋಟೆಲಲ್ಲಿ ಕ್ಯಾಶಿಯರ್. ಹೆಂಡತಿ ಮುಲುಂಡ್‌ನಲ್ಲಿ ತಾಯಿಮನೇಲಿ, ನಾಲ್ಕು ವರ್ಷದ ಮಗನೂ ಅಲ್ಲೇ. ಬಾಂದ್ರಾ ಫ್ಯಾಮಿಲಿ ಕೋರ್ಟಲ್ಲಿ ಕೇಸು ನಡೀತಿದೆ, ತಿಂಗಳಿಗೆ ಎರಡು ಶನಿವಾರ ಆಕ್ಸೆಸ್ (ಮಗುನ ಭೇಟಿ ಮಾಡೋ ಅವಕಾಶ) ಸಿಕ್ಕಿದೆ. ಐದು ತುಂಬಿದ ಮೇಲೆ ಗಂಡುಮಗು ತಂದೆಗೇ ಅಂತ ನಮ್ಮ ಸೋದರಮಾವ ಹೇಳ್ತಾರೆ. ಹೌದಾ? ಕಳೆದ ಎರಡು ಸಲ ಅವಳು ಮಗುನ ಕರ್ಕೊಂಡು ಬರಲೇ ಇಲ್ಲ, ಅದಕ್ಕೆ ನಾನೂ ಮೇಂಟೆನನ್ಸ್ (ಜೀವನಾಂಶ) ನಿಲ್ಲಿಸಿದ್ದೇನೆ.

ಉತ್ತರ: ನಿಮ್ಮ ಮಾವನ ಮಾತು ಕೇಳಿ ಕೇಳಿ ನನಗೂ ಸಾಕಾಗಿದೆ, ಯಾಕಂದ್ರೆ ಪ್ರತಿ ಕುಟುಂಬದಲ್ಲೂ ಇಂಥ ಒಬ್ರು ಮಾವ ಇರ್ತಾರೆ. ಅಪ್ರಾಪ್ತ ಮಕ್ಕಳ ಪಾಲಕತ್ವದ ಬಗ್ಗೆ ಇರೋ 1956ರ ಹಿಂದೂ ಮೈನಾರಿಟಿ ಆ್ಯಂಡ್ ಗಾರ್ಡಿಯನ್‌ಶಿಪ್ ಆ್ಯಕ್ಟ್‌ನ 6ನೇ ಸೆಕ್ಷನ್ ಹೇಳೋದು ಇಷ್ಟೇ: ಐದು ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ರ ಇರಬೇಕು. ಐದು ತುಂಬಿದ ಮಾರನೇ ದಿನ ತಂದೆ ಮನೆಗೆ ಅಂತ ಅದರಲ್ಲೆಲ್ಲೂ ಇಲ್ಲ. ಅದೇ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು, ಆರು ವರ್ಷಕ್ಕೂ ಅದೇ, ಹದಿನಾರಕ್ಕೂ ಅದೇ. ಜಡ್ಜ್ ನೋಡೋದು ಮಗು ಈಗ ಯಾವ ಶಾಲೆಗೆ ಹೋಗ್ತಿದೆ, ಸ್ಕೂಲಿಂದ ಬಂದ ಮೇಲೆ ಮನೇಲಿ ಯಾರು ಇರ್ತಾರೆ, ಜ್ವರ ಬಂದ್ರೆ ರಾತ್ರಿ ಯಾರು ಎದ್ದು ಕೂರ್ತಾರೆ ಅನ್ನೋದನ್ನ. ನೀವು ರಾತ್ರಿ ಹನ್ನೊಂದಕ್ಕೆ ಗಲ್ಲಾ ಮುಚ್ಚಿ ಮನೆಗೆ ಬರೋರಾದ್ರೆ ಇದಕ್ಕೊಂದು ಉತ್ತರ ರೆಡಿ ಇಟ್ಕೊಳ್ಳಿ, ಕೇಳೇ ಕೇಳ್ತಾರೆ.

ಗೋವಾದಿಂದ ಸುಪ್ರೀಂ ಕೋರ್ಟಿಗೆ ಹೋದ ಒಂದು ಕೇಸಲ್ಲಿ 2015ರಲ್ಲಿ ತೀರ್ಪು ಬಂತು. ಐದು ತುಂಬದ ಮಗು, ಹೈಕೋರ್ಟ್ ತಂದೆ ಕೈಗೆ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ತಿರುಗಿ ತಾಯಿಗೆ ಕೊಡ್ತು. ಇಷ್ಟು ಸಣ್ಣ ಮಗುವಿನ ವಿಷಯದಲ್ಲಿ ತಾಯಿ ತಕ್ಕವಳಲ್ಲ ಅಂತ ತಂದೆಯೇ ಪ್ರೂವ್ ಮಾಡಬೇಕು, ತಾನು ತಕ್ಕವಳು ಅಂತ ತಾಯಿ ತೋರಿಸಬೇಕಾಗಿಲ್ಲ ಅಂತ. ಹಾಗಾಗಿ ಕಸ್ಟಡಿ, ಅಂದ್ರೆ ಮಗು ಯಾರ ಹತ್ರ ಇರಬೇಕು ಅನ್ನೋ ಲೆಕ್ಕ ಈಗ ಬಿಡಿ, ಆಕ್ಸೆಸ್ ಗಟ್ಟಿ ಮಾಡ್ಕೊಳ್ಳಿ.

ಮೇಂಟೆನನ್ಸ್ ಈ ತಿಂಗಳೇ ಶುರು ಮಾಡಿ, ಬಾಕಿನೂ ಕಟ್ಟಿ. ಅದು ಬೇರೆ, ಆಕ್ಸೆಸ್ ಬೇರೆ. ಮಗು ತೋರಿಸಲಿಲ್ಲ ಅಂತ ದುಡ್ಡು ನಿಲ್ಲಿಸೋಕಾಗಲ್ಲ, ದುಡ್ಡು ಬರಲಿಲ್ಲ ಅಂತ ಅವರು ಮಗುನ ತಡೆಯೋಕೂ ಆಗಲ್ಲ, ಆದ್ರೆ ದುಡ್ಡು ನಿಲ್ಲಿಸಿ ಆಮೇಲೆ ಆಕ್ಸೆಸ್ ಕೊಡಲಿಲ್ಲ ಅಂತ ಅರ್ಜಿ ಹಾಕಿದ್ರೆ ನಿಮ್ಮ ಮುಖ ಯಾರು ನೋಡ್ತಾರೆ? ಅವರು ಬರದೇ ಇದ್ದ ಎರಡು ಶನಿವಾರದ ತಾರೀಖು, ನೀವು ಕಳಿಸಿದ ಮೆಸೇಜು ಇಟ್ಕೊಂಡು ಅದೇ ಕೋರ್ಟಲ್ಲಿ ಅರ್ಜಿ ಕೊಡಿ. ಜೊತೆಗೆ ದಿನಾ ವಿಡಿಯೋ ಕಾಲ್ ಕೇಳಿ. 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಕಸ್ಟಡಿ ಸಿಗದ ತಂದೆ ಅಥವಾ ತಾಯಿಗೆ ದಿನಾ 5–10 ನಿಮಿಷ ಮಗು ಜೊತೆ ಮಾತಾಡೋ ಹಕ್ಕಿರಬೇಕು ಅಂತ. ಇದನ್ನ ಕೇಳೋರೇ ಕಮ್ಮಿ.

ಇನ್ನೊಂದು, ಬಯ್ಯುತ್ತಿದ್ದೇನೆ ಅಂದ್ಕೋಬೇಡಿ. ಕೋರ್ಟಿನ ಆಕ್ಸೆಸ್ ರೂಮಲ್ಲಿ ಎಷ್ಟೋ ತಂದೆಯರನ್ನ ನೋಡಿದೀನಿ, ರಿಮೋಟ್ ಕಾರ್ ತಂದು ಕೊಟ್ಟು ಪಕ್ಕದಲ್ಲಿ ಕೂತು ಮೊಬೈಲ್ ಉಜ್ಜುತ್ತಾ ಇರ್ತಾರೆ, ಮಧ್ಯೆ ಮಧ್ಯೆ "ಅಮ್ಮ ಯಾರ ಹತ್ರ ಫೋನಲ್ಲಿ ಮಾತಾಡ್ತಾಳೆ ಪುಟ್ಟಾ?" ಅಂತ ಕೇಳ್ತಾರೆ. ಮಗು ಬಾಗಿಲ ಕಡೆ ನೋಡೋಕೆ ಶುರು ಮಾಡತ್ತೆ. ಆಮೇಲೆ ಕೌನ್ಸೆಲರ್ ಮುಂದೆ ಮಗು ಏನು ಹೇಳತ್ತೆ ಅಂತ ಯೋಚನೆ ಮಾಡಿ. ಆಟಿಕೆ ಇಲ್ಲದೇ ಹೋದ್ರೂ ಪರವಾಗಿಲ್ಲ, ನೆಲದ ಮೇಲೆ ಕೂತು ಆಡಿ.

ಪ್ರಶ್ನೆ: ಪುಣೆ ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಡೈವೋರ್ಸ್ ಕೇಸ್ ಪೆಂಡಿಂಗ್ ಇದೆ, ಒಂಬತ್ತು ವರ್ಷದ ಮಗಳು ಹುಟ್ಟಿದಾಗಿಂದ ನನ್ನ ಹತ್ರಾನೇ. ಕಂಪನಿ ಎರಡು ವರ್ಷಕ್ಕೆ ಜರ್ಮನಿಗೆ ಕಳಿಸ್ತೀನಿ ಅಂತಿದೆ. ಗಂಡ ಒಪ್ತಿಲ್ಲ. ಕೆಲಸ ಬಿಡಬೇಕಾ, ಮಗಳನ್ನ ಬಿಡಬೇಕಾ?

ಉತ್ತರ: ಎರಡೂ ಬೇಡ. ನಿಮ್ಮ ಊರಿಂದಲೇ, ಹೆಚ್ಚುಕಮ್ಮಿ ನಿಮ್ಮದೇ ಥರದ ಕೇಸು ಬಾಂಬೆ ಹೈಕೋರ್ಟಿಗೆ ಹೋಗಿತ್ತು. ಪುಣೆಯ ಒಬ್ಬ ಎಂಜಿನಿಯರ್ ತಾಯಿಗೆ ಪೋಲೆಂಡಿನ ಕ್ರಾಕೋವ್‌ನಲ್ಲಿ ಎರಡು ವರ್ಷದ ಪ್ರಾಜೆಕ್ಟ್, ಮಗಳನ್ನ ಕರ್ಕೊಂಡು ಹೋಗೋಕೆ ಫ್ಯಾಮಿಲಿ ಕೋರ್ಟ್ ಬಿಡಲಿಲ್ಲ. 2022ರ ಜುಲೈನಲ್ಲಿ ಜಸ್ಟಿಸ್ ಭಾರತಿ ಡಾಂಗ್ರೆ ಅನುಮತಿ ಕೊಟ್ರು, ಮಗುನಾ ಕೆಲಸಾನಾ ಅಂತ ತಾಯಿಯನ್ನ ಆರಿಸೋಕೆ ಹೇಳಬಾರದು ಅನ್ನೋದು ಆ ತೀರ್ಪಿನ ಧಾಟಿ. ಅದಕ್ಕೂ ಮೊದಲು 2020ರಲ್ಲಿ ಬೆಂಗಳೂರಿಂದ ಸಿಂಗಪುರಕ್ಕೆ ಹೊರಟಿದ್ದ ತಾಯಿಗೆ ಸುಪ್ರೀಂ ಕೋರ್ಟೂ ಒಪ್ಪಿತ್ತು.

ಆದ್ರೆ ಕೋರ್ಟಿನ ಅನುಮತಿ ಇಲ್ಲದೆ, ಹೇಳದೆ ಕೇಳದೆ ವಿಮಾನ ಹತ್ತಬೇಡಿ, ಕೈಯಲ್ಲಿರೋ ಕೇಸು ಅಲ್ಲೇ ಕೆಡತ್ತೆ. ಮೊದಲು ಅರ್ಜಿ. ಅದರ ಜೊತೆ ಆಫರ್ ಲೆಟರ್ ಒಂದೇ ಹಚ್ಚಿದ್ರೆ ಸಾಲದು, ಅಲ್ಲಿ ಯಾವ ಶಾಲೆ, ನೀವು ಆಫೀಸಲ್ಲಿದ್ದಾಗ ಮಗು ಎಲ್ಲಿ, ತಂದೆ ವಿಡಿಯೋ ಕಾಲ್ ಎಷ್ಟು ಹೊತ್ತಿಗೆ (ಟೈಮ್ ಡಿಫರೆನ್ಸ್ ನೋಡ್ಕೊಂಡು ಬರೀರಿ, ಭಾರತದಲ್ಲಿ ಮಧ್ಯರಾತ್ರಿ ಬರೆದು ನಗೆಪಾಟಲಾದವರಿದ್ದಾರೆ), ಯಾವ ರಜೆಯಲ್ಲಿ ಎಷ್ಟು ದಿನ ಪುಣೆಗೆ ಕರ್ಕೊಂಡು ಬರ್ತೀರಿ, ಟಿಕೆಟ್ ದುಡ್ಡು ಯಾರದು, ಎಲ್ಲಾ ನೀವೇ ಬರೆದು ಕೊಡಿ. ತಂದೆಯನ್ನ ದೂರ ಮಾಡೋಕೆ ಹೊರಟಿಲ್ಲ ಅನ್ನೋದು ಆ ಕಾಗದದಲ್ಲೇ ಕಾಣಬೇಕು. ಒಂಬತ್ತು ವರ್ಷದ ಹುಡುಗಿ ಅಂದ್ರೆ ಜಡ್ಜ್ ಚೇಂಬರಿಗೆ ಕರೆದು ಮಾತಾಡಿಸಬಹುದು, ಬುದ್ಧಿ ಬಂದ ಮಗುವಿನ ಇಷ್ಟ ಕೇಳಬಹುದು ಅಂತ 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಆ್ಯಕ್ಟ್‌ನಲ್ಲೇ ಇದೆ. ದಯವಿಟ್ಟು ಪಾಠ ಹೇಳಿಕೊಟ್ಟು ಕಳಿಸಬೇಡಿ, ಗಿಳಿಪಾಠ ಎರಡನೇ ವಾಕ್ಯಕ್ಕೇ ಗೊತ್ತಾಗತ್ತೆ.

ಪ್ರಶ್ನೆ: ವಾಸ್ಕೋದಾಗ ಇರ್ತೀವ್ರಿ. ಸೊಸಿ ಮೊಮ್ಮಗಳನ್ನ ಕರ್ಕೊಂಡು ಹುಬ್ಬಳ್ಳಿಗೆ ತವರಮನಿಗೆ ಹೋಗಿ ಎರಡು ವರ್ಷ ಆತು, ಕೂಸು ಅಲ್ಲೇ ಸಾಲಿಗೆ ಹೋಗ್ತದ. ಮಗ ಸುಮ್ಮನ ಕುಂತಾನ. ಅಜ್ಜ-ಅಜ್ಜಿ ನಾವ ಇಲ್ಲೇ ಗೋವಾದಾಗ ಕೇಸ್ ಹಾಕಬಹುದೇನ್ರಿ?

ಉತ್ತರ: ಅಮ್ಮಾ, ಗೋವಾದಲ್ಲಿ ಹಾಕಿದ್ರೆ ನಿಲ್ಲೋದು ಕಷ್ಟ. ಮಗು ಸಾಮಾನ್ಯವಾಗಿ ಎಲ್ಲಿ ವಾಸ ಇದೆಯೋ ಆ ಊರಿನ ಕೋರ್ಟಿಗೆ ಹೋಗಬೇಕು, ಅಂದ್ರೆ ಹುಬ್ಬಳ್ಳಿ. ಅಜ್ಜ-ಅಜ್ಜಿಗೆ ಅಂತ ಬೇರೆ ಹಕ್ಕು ಕಾಯ್ದೆಯಲ್ಲಿ ಬರೆದಿಲ್ಲ, ಹಾಗಾಗಿ ಮಗನೇ ಎದ್ದು ಆಕ್ಸೆಸ್ ಅರ್ಜಿ ಹಾಕಿದ್ರೆ ನಿಮ್ಮ ದಾರಿ ಸಲೀಸು. ಆ ಅರ್ಜಿಯಲ್ಲೇ ರಜೆಯಲ್ಲಿ ಮಗು ಅಜ್ಜ-ಅಜ್ಜಿ ಜೊತೆ ಇಷ್ಟು ದಿನ ಅಂತ ಒಂದು ಸಾಲು ಸೇರಿಸೋಕೆ ವಕೀಲರಿಗೆ ಹೇಳಿ. ಅಲ್ಲಿವರೆಗೆ ಸೊಸೆಗೇ ನೇರ ಒಂದು ಫೋನ್ ಮಾಡಿ ನೋಡಿ, ಮಗನ ಪರ ವಾದ ಮಾಡದೆ, ಮೊಮ್ಮಗಳ ಬಗ್ಗೆ ಅಷ್ಟೇ.