ಹಳೇ ಕಾರಿನ ಬ್ರೇಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬ್ರೇಕಿನದ್ದೇ ಜಾಸ್ತಿ. ಎಲ್ಲವೂ ಹತ್ತು ವರ್ಷ ದಾಟಿದ ಮನೆ ಕಾರುಗಳು. "ಪ್ಯಾಡ್ ಹೊಸದು ಹಾಕಿಸಿದೆ, ಆದರೂ ಸರಿಹೋಗಲಿಲ್ಲ" ಅಂತ ತುಂಬಾ ಜನ ಬರೆದಿದ್ದೀರಿ. ಪ್ಯಾಡ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಎರಡೂ ಕಡೆಯಿಂದ ಒತ್ತಿ ಹಿಡಿಯುವ ಬಿಲ್ಲೆ) ಹಾಕಿಸುವ ಮೊದಲು ಪೆಡಲ್ ಕಾಲಿಗೆ ಹೇಗೆ ಸಿಗುತ್ತಿದೆ ಅಂತ ಗಮನಿಸಿ. ಮೆತ್ತಗಿದೆಯಾ, ಗಟ್ಟಿಯಾಗಿದೆಯಾ, ತಾನಾಗಿ ಇಳಿಯುತ್ತಾ, ಅದುರುತ್ತಾ? ಈ ನಾಲ್ಕಕ್ಕೂ ಕಾರಣ ಬೇರೆ ಬೇರೆ. ಮೆಕ್ಯಾನಿಕ್‌ಗೆ ಸುಮ್ನೆ "ಬ್ರೇಕ್ ಸರಿ ಇಲ್ಲ" ಅನ್ನುವ ಬದಲು ಇದನ್ನು ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಪ್ರಶ್ನೆ: ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತರೆ ಪೆಡಲ್ ನಿಧಾನವಾಗಿ ಕೆಳಗೆ ಇಳಿಯುತ್ತದೆ. ಬ್ರೇಕ್ ಆಯಿಲ್ ಕಡಿಮೆಯಾಗಿಲ್ಲ, ಎಲ್ಲೂ ಲೀಕ್ ಇಲ್ಲ. ಎರಡು ಸಲ ಬ್ರೇಕ್ ಪೈಪಿನೊಳಗಿನ ಏರ್ ತೆಗೆಸಿದೆ. ಮೊದಲಿಗಿಂತ ಈಗ ಇನ್ನೂ ಕೆಟ್ಟದಾಗಿದೆ.

ಉತ್ತರ: ಇದು ಮಾಸ್ಟರ್ ಸಿಲಿಂಡರ್ ಕೇಸ್, ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗದ್ದು. ಒಳಗಿನ ರಬ್ಬರ್ ಸೀಲ್ ಸವೆದಿದೆ. ನೀವು ಒತ್ತಿದ ಆಯಿಲ್ ಚಕ್ರದ ಕಡೆ ಹೋಗುವ ಬದಲು ಸೀಲ್ ಪಕ್ಕದಲ್ಲೇ ನುಸುಳಿ ಹಿಂದಕ್ಕೆ ಬರುತ್ತದೆ. ಹೊರಗೆ ಒಂದು ಹನಿಯೂ ಬೀಳದೆ ಇರೋದು ಅದಕ್ಕೇ. ಹೀಗೆ ನೋಡಿ: ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗ ಪೆಡಲನ್ನು ಮೆಲ್ಲಗೆ ಒತ್ತಿ ಅರ್ಧ ನಿಮಿಷ ಹಾಗೇ ಹಿಡಿಯಿರಿ. ಜೋರಾಗಿ ಒತ್ತಬೇಡಿ, ಯಾಕಂದರೆ ಜೋರಾಗಿ ಒತ್ತಿದಾಗ ಸವೆದ ಸೀಲ್ ಕೂಡ ಅಗಲವಾಗಿ ಗೋಡೆಗೆ ಅಂಟಿಕೊಂಡು ಎಲ್ಲ ಸರಿ ಇದೆ ಅನ್ನಿಸಿಬಿಡುತ್ತದೆ. ಮೆಲ್ಲಗೆ ಹಿಡಿದಾಗ ಪೆಡಲ್ ಇಳಿಯುತ್ತಾ ಹೋದರೆ, ಹೊರಗೆ ಲೀಕ್ ಇಲ್ಲದಿದ್ದರೆ, ಅನುಮಾನವೇ ಬೇಡ.

ಏರ್ ತೆಗೆಸಿದ ಮೇಲೆ ಯಾಕೆ ಜಾಸ್ತಿ ಆಯಿತು? ದಿನಾ ಓಡಿಸುವಾಗ ಪೆಡಲ್ ಅರ್ಧದವರೆಗೆ ಮಾತ್ರ ಹೋಗುತ್ತದೆ. ಸಿಲಿಂಡರ್ ಒಳಗೆ ಸೀಲ್ ಓಡಾಡಿದ ಜಾಗ ನುಣ್ಣಗಿರುತ್ತದೆ, ಅದರಾಚೆ ವರ್ಷಗಟ್ಟಲೆ ಯಾರೂ ಮುಟ್ಟದ ಜಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಏರ್ ತೆಗೆಯುವಾಗ ಪೆಡಲನ್ನು ನೆಲಕ್ಕೆ ತಾಗುವವರೆಗೆ ತುಳಿಯುತ್ತಾರೆ ಅಲ್ವಾ, ಆಗ ಸೀಲಿನ ಅಂಚು ಆ ತುಕ್ಕಿನ ಮೇಲೆ ಉಜ್ಜಿ ಹರಿದುಹೋಗುತ್ತದೆ. ಹಳೇ ಗಾಡಿಯಲ್ಲಿ ಏರ್ ತೆಗೆಯುವಾಗ ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟು ತುಳಿದರೆ ಈ ತೊಂದರೆ ಬರೋದಿಲ್ಲ. ಈಗ ನಿಮಗೆ ಬರೀ ಸೀಲ್ ಕಿಟ್ ಹಾಕಿಸುವ ಯೋಚನೆ ಬರಬಹುದು. ಸಿಲಿಂಡರ್ ಒಳಗೆ ಗೀರು, ಗುಳಿ ಇದ್ದರೆ ಹೊಸ ಸೀಲೂ ಬೇಗ ಹೋಗುತ್ತದೆ. ಪೂರ್ತಿ ಸಿಲಿಂಡರ್ ಬದಲಾಯಿಸಿ. ಅಲ್ಲಿಯವರೆಗೆ ಗಾಡಿ ತೆಗೆಯಬೇಡಿ. ಒಂದು ದಿನ ಪೆಡಲ್ ಪೂರ್ತಿ ನೆಲಕ್ಕೆ ಹೋಗುತ್ತದೆ, ಅದು ಯಾವ ದಿನ ಅಂತ ಮೊದಲೇ ಗೊತ್ತಾಗೋದಿಲ್ಲ.

ಪ್ರಶ್ನೆ: ಬೆಟ್ಟ ಇಳಿಯುವಾಗ ಪೆಡಲ್ ಇದ್ದಕ್ಕಿದ್ದ ಹಾಗೆ ಸ್ಪಂಜಿನಂತೆ ಮೆತ್ತಗಾಯಿತು. ಹೇಗೋ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದೆವು. ಅರ್ಧ ಗಂಟೆ ಬಿಟ್ಟು ನೋಡಿದರೆ ಬ್ರೇಕ್ ಸರಿ ಇತ್ತು. ಮೆಕ್ಯಾನಿಕ್ ಏನೂ ತೊಂದರೆ ಇಲ್ಲ ಅಂದರು. ಹೆದರಿಕೆ ಹೋಗಿಲ್ಲ.

ಉತ್ತರ: ನೀವು ಹೆದರಿದ್ದು ಸರಿಯಾಗಿಯೇ ಇದೆ. ಬ್ರೇಕ್ ಆಯಿಲ್ ಕೊನೆಗೆ ಯಾವಾಗ ಬದಲಾಯಿಸಿದ್ದು? ನೆನಪಿಲ್ಲದಿದ್ದರೆ ಮೊದಲ ಅನುಮಾನ ಅಲ್ಲೇ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ. ಡಾಟ್ 3, ಡಾಟ್ 4 ಅನ್ನೋದು ಬ್ರೇಕ್ ಆಯಿಲಿನ ದರ್ಜೆಗಳು. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230ರಿಂದ 155ಕ್ಕೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಅಷ್ಟು ಬಿಸಿಯಾಗೋದು ಕಷ್ಟವೇನಲ್ಲ. ಆಯಿಲ್ ಕುದಿದು ಒಳಗೆ ಆವಿಯ ಗುಳ್ಳೆ ಏಳುತ್ತದೆ. ಆಯಿಲನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಹೋಗುತ್ತದೆ, ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ ಅಷ್ಟೇ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ವಾಪಸ್ ಬರುತ್ತದೆ. ಮೆಕ್ಯಾನಿಕ್ ನೋಡುವ ಹೊತ್ತಿಗೆ ಕುರುಹೇ ಇರೋದಿಲ್ಲ.

ಪೆಡಲ್ ಗಟ್ಟಿಯಾಗೇ ಇದ್ದು, ಸುಟ್ಟ ವಾಸನೆ ಬಂದು, ಗಾಡಿ ಮಾತ್ರ ನಿಲ್ಲದಿದ್ದರೆ ಆಗ ಅತಿಯಾಗಿ ಬಿಸಿಯಾಗಿ ಹಿಡಿತ ಬಿಟ್ಟಿರೋದು ಪ್ಯಾಡ್. ನಿಮ್ಮದು ಮೆತ್ತಗಾಗಿದೆ, ಹಾಗಾಗಿ ಆಯಿಲ್. ಪೂರ್ತಿ ಹಳೇ ಆಯಿಲ್ ತೆಗೆದು ಹೊಸದು ಹಾಕಿಸಿ, ಆಮೇಲೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಬಣ್ಣ ನೋಡಿ "ಚೆನ್ನಾಗಿದೆ" ಅನ್ನೋರ ಮಾತು ಕೇಳಬೇಡಿ, ನೀರು ಕಣ್ಣಿಗೆ ಕಾಣೋದಿಲ್ಲ. ಯಾವ ಡಾಟ್ ಹಾಕಬೇಕು ಅಂತ ಗಾಡಿಯಲ್ಲಿರುವ ಬ್ರೇಕ್ ಆಯಿಲ್ ಡಬ್ಬದ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 5 ಅನ್ನೋದು ಸಿಲಿಕೋನ್, ಅದನ್ನು ಡಾಟ್ 3 ಅಥವಾ 4ರ ಜೊತೆ ಬೆರೆಸಲೇಬಾರದು. ಇನ್ನು ಇಳಿಯುವಾಗ ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಒತ್ತಿ, ವೇಗ ಇಳಿಸಿ, ಬಿಡಿ. ನ್ಯೂಟ್ರಲ್ ಮಾಡಿ ಇಳಿಯುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ.

ಪ್ರಶ್ನೆ: ಮುಂದಿನ ಎಡ ಚಕ್ರ ಮಾತ್ರ ತುಂಬಾ ಬಿಸಿ. ಗಾಡಿ ಎಡಕ್ಕೆ ಎಳೆಯುತ್ತದೆ. ಹೊಸ ಪ್ಯಾಡಿನಲ್ಲಿ ಒಳಗಿನದು ಆಗಲೇ ಸವೆದಿದೆ, ಹೊರಗಿನದು ಹಾಗೇ ಇದೆ.

ಉತ್ತರ: ಆ ಚಕ್ರದ ಬ್ರೇಕ್ ಬಿಡುತ್ತಿಲ್ಲ. ಒಳಗಿನ ಪ್ಯಾಡ್ ಮಾತ್ರ ಸವೆದಿದೆ ಅಂದರೆ ಕ್ಯಾಲಿಪರ್ ಜಾರಬೇಕಾದ ಪಿನ್‌ಗಳು ಹಿಡಿದುಕೊಂಡಿರುತ್ತವೆ, ಇಲ್ಲವೇ ಪ್ಯಾಡನ್ನು ತಳ್ಳುವ ಪಿಸ್ಟನ್ ವಾಪಸ್ ಹೋಗುತ್ತಿಲ್ಲ. ಜೊತೆಗೆ ಇನ್ನೊಂದು ಕಳ್ಳ ಇದೆ, ಕ್ಯಾಲಿಪರಿಗೆ ಆಯಿಲ್ ಒಯ್ಯುವ ರಬ್ಬರ್ ಹೋಸ್. ಹೊರಗಿನಿಂದ ನೋಡಿದರೆ ಚೆನ್ನಾಗೇ ಇರುತ್ತದೆ, ಒಳಪದರ ಕಿತ್ತು ದಾರಿಗೆ ಅಡ್ಡ ಬಂದಿರುತ್ತದೆ. ಕಾಲಿನ ಒತ್ತಡಕ್ಕೆ ಆಯಿಲ್ ಒಳಗೆ ಹೋಗುತ್ತದೆ, ವಾಪಸ್ ಬರಲು ಆಗೋದಿಲ್ಲ.

ಮೆಕ್ಯಾನಿಕ್ ಹತ್ತಿರ ಹೀಗೆ ಮಾಡಿಸಿ. ಗಾಡಿ ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಬ್ರೇಕ್ ಒತ್ತಿ ಬಿಡಿ. ಚಕ್ರ ಕೈಯಲ್ಲಿ ತಿರುಗದಿದ್ದರೆ ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲ್ (ಏರ್ ತೆಗೆಯುವ ಸಣ್ಣ ತಿರುಪು) ಸ್ವಲ್ಪ ಸಡಿಲಿಸಲಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಹಾಕಿಕೊಂಡಿತ್ತು ಅಂತ ಅರ್ಥ, ಮೊದಲು ಹೋಸ್ ನೋಡಿ. ಆಗಲೂ ಬಿಡದಿದ್ದರೆ ಪಿನ್ ಅಥವಾ ಪಿಸ್ಟನ್. ಪಿನ್ನಿಗೆ ಬ್ರೇಕಿಗಂತಲೇ ಬರುವ ಗ್ರೀಸ್ ಹಚ್ಚಬೇಕು. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ. ಪ್ಯಾಡ್, ಹೋಸ್ ಬದಲಾಯಿಸುವುದಾದರೆ ಎರಡೂ ಕಡೆ ಬದಲಾಯಿಸಿ.

ಪ್ರಶ್ನೆ: ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಅದುರುತ್ತದೆ.

ಉತ್ತರ: ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಮುಂದಿನ ಡಿಸ್ಕ್‌ನ ದಪ್ಪ ಎಲ್ಲ ಕಡೆ ಒಂದೇ ಸಮ ಇಲ್ಲ. ಒತ್ತದೆಯೂ ಅದುರಿದರೆ ವೀಲ್ ಬ್ಯಾಲೆನ್ಸ್ ನೋಡಿಸಿ. ಡಿಸ್ಕನ್ನು ಲೇತ್ ಯಂತ್ರದಲ್ಲಿ ಹೆರೆಸಿ ಸಮ ಮಾಡಿಸಬಹುದು, ಆದರೆ ಎಷ್ಟು ಮಿಲಿಮೀಟರಿಗಿಂತ ತೆಳ್ಳಗಾಗಬಾರದು ಅಂತ ಸಾಮಾನ್ಯವಾಗಿ ಡಿಸ್ಕ್ ಮೇಲೇ ಅಚ್ಚು ಹಾಕಿರುತ್ತಾರೆ, ಅದನ್ನು ಮೀರಬಾರದು. ಹೊಸ ಡಿಸ್ಕ್ ಕೂರಿಸುವ ಮುಂಚೆ ಅದು ಕೂರುವ ಹಬ್‌ನ ತುಕ್ಕು ಉಜ್ಜಿ ತೆಗೆಯಲು ಹೇಳಿ. ಅಲ್ಲಿ ಒಂದು ಚೂರು ತುಕ್ಕು ಉಳಿದರೂ ಡಿಸ್ಕ್ ಓರೆಯಾಗಿ ಕೂರುತ್ತದೆ.

ಪ್ರಶ್ನೆ: ಪೆಡಲ್ ತುಂಬಾ ಗಟ್ಟಿ. ಪೂರ್ತಿ ಬಲ ಹಾಕಿ ತುಳಿಯಬೇಕು.

ಉತ್ತರ: ಬೂಸ್ಟರ್ ಪರೀಕ್ಷೆ ಮಾಡಿ, ಎಂಜಿನ್‌ನ ವ್ಯಾಕ್ಯೂಮ್ ಬಳಸಿ ನಿಮ್ಮ ಕಾಲಿನ ಬಲವನ್ನು ಹೆಚ್ಚಿಸುವ ಭಾಗ ಅದು. ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ, ಗಟ್ಟಿಯಾದ ಮೇಲೆ ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಮೊದಲು ಎಂಜಿನ್‌ನಿಂದ ಬೂಸ್ಟರಿಗೆ ಹೋಗುವ ವ್ಯಾಕ್ಯೂಮ್ ಪೈಪ್ ಮತ್ತು ಅದರ ವಾಲ್ವ್ ನೋಡಿಸಿ. ಪೈಪ್ ಬಿರುಕು ಬಿಟ್ಟಿದ್ದಕ್ಕೆ ಇಡೀ ಬೂಸ್ಟರ್ ಬದಲಾಯಿಸೋದು ಬೇಡ.

ಪ್ರಶ್ನೆ: ಬ್ರೇಕ್ ಆಯಿಲ್ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ. ಮೇಲೆ ಹಾಕುತ್ತಾ ಹೋಗಬಹುದಾ?

ಉತ್ತರ: ಬೇಡ. ಪ್ಯಾಡ್ ಸವೆದ ಹಾಗೆ ಪಿಸ್ಟನ್ ಮುಂದೆ ಬರುತ್ತದೆ, ಆ ಜಾಗ ತುಂಬಲು ಆಯಿಲ್ ಇಳಿಯುತ್ತದೆ. ತಿಂಗಳುಗಟ್ಟಲೆ ನಿಧಾನವಾಗಿ ಇಳಿದರೆ ಪ್ಯಾಡ್ ನೋಡಿ ಅಂತ ಗಾಡಿಯೇ ಹೇಳುತ್ತಿದೆ. ಪ್ಯಾಡಿನ ಮೇಲಿನ ಪದರ 3 ಮಿಲಿಮೀಟರಿಗೆ ಬಂದಿದ್ದರೆ ಬದಲಾಯಿಸಿ. ಬೇಗ ಇಳಿದರೆ ಲೀಕ್. ಹಿಂದಿನ ಚಕ್ರಗಳ ಒಳಬದಿಯಲ್ಲಿ ಟೈರ್ ಒದ್ದೆಯಾಗಿದೆಯಾ, ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಸೇರುವ ಕಡೆ ಬಣ್ಣ ಎದ್ದಿದೆಯಾ ನೋಡಿ. ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟ್ ಉಳಿಯೋದಿಲ್ಲ. ಹಿಂದಿನ ಡ್ರಮ್ಮಿನಲ್ಲಿ ವೀಲ್ ಸಿಲಿಂಡರ್ ಸೋರಿ ಬ್ರೇಕ್ ಶೂ (ಡ್ರಮ್ಮಿನ ಒಳಗೋಡೆಗೆ ಒತ್ತಿ ಹಿಡಿಯುವ ಭಾಗ) ನೆನೆದಿದ್ದರೆ ಅದನ್ನು ತೊಳೆದು ಹಾಕಬೇಡಿ, ಆಯಿಲ್ ಕುಡಿದ ಶೂ ಮತ್ತೆ ಹಿಡಿಯೋದಿಲ್ಲ.

ಪ್ರಶ್ನೆ: ಹ್ಯಾಂಡ್ ಬ್ರೇಕ್ ಪೂರ್ತಿ ಮೇಲಕ್ಕೆ ಬರುತ್ತದೆ, ಆದರೂ ಗಾಡಿ ಜಾರುತ್ತದೆ. ಕೇಬಲ್ ಬಿಗಿ ಮಾಡಿಸಿದರೆ ಸಾಕಾ?

ಉತ್ತರ: ಮೊದಲು ಹಿಂದಿನ ಡ್ರಮ್ ಬಿಚ್ಚಿಸಿ. ಶೂ ಸವೆದಿರಬಹುದು, ಇಲ್ಲವೇ ಶೂ ಸವೆದ ಹಾಗೆ ಅದನ್ನು ಡ್ರಮ್ಮಿನ ಹತ್ತಿರಕ್ಕೆ ತರುವ ಒಳಗಿನ ಅಡ್ಜಸ್ಟರ್ ತುಕ್ಕು ಹಿಡಿದು ತಿರುಗುತ್ತಿರೋದಿಲ್ಲ. ಅದನ್ನು ಬಿಟ್ಟು ಕೇಬಲ್ ಮಾತ್ರ ಎಳೆದು ಬಿಗಿ ಮಾಡಿದರೆ ಅಡ್ಜಸ್ಟರ್ ಕೆಲಸ ಮಾಡೋದೇ ನಿಲ್ಲುತ್ತದೆ, ಶೂ ಉಜ್ಜಿಕೊಂಡೇ ಓಡುತ್ತದೆ. ಶೂ ಸರಿಮಾಡಿದ ಮೇಲೂ ಸಡಿಲ ಇದ್ದರೆ ಆಗ ಕೇಬಲ್. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಅಥವಾ ಬಾಯಲ್ಲಿ ಊದಿ ತೆಗೆಯಲು ಬಿಡಬೇಡಿ, ಹಳೇ ಶೂಗಳಲ್ಲಿ ಶ್ವಾಸಕೋಶಕ್ಕೆ ಅಪಾಯವಾದ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಲಿ.