ಚಿಕ್ಕ ಪಾತ್ರೆ ಅಂಗಡಿಗೆ ಯಾವ ಜಿಎಸ್‌ಟಿ: ಕಾಂಪೊಸಿಷನ್ನೋ, ರೆಗ್ಯುಲರ್ರೋ?

ವರ್ಷಕ್ಕೆ 60 ಲಕ್ಷ ವಹಿವಾಟಿರುವ ಪಾತ್ರೆ ಅಂಗಡಿಗೆ ಯಾವುದು ಸರಿ ಎಂದು ಕೇಳಿದ್ದೀರಿ. ಮೊದಲು ನಿಮ್ಮ ಗಿರಾಕಿಗಳು ಯಾರು ನೋಡಿ.

ಮನೆಬಳಕೆಗೆ ಕೊಳ್ಳುವವರೇ ಜಾಸ್ತಿಯಾದರೆ ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಸರಳ ಪದ್ಧತಿ) ತೆಗೆದುಕೊಳ್ಳಿ. ವಹಿವಾಟು 1.5 ಕೋಟಿ ದಾಟದಿದ್ದರೆ ಸಿಗುತ್ತದೆ. ತೆರಿಗೆ ಶೇ 1, ಅಂದರೆ ನಿಮಗೆ ಸುಮಾರು 60 ಸಾವಿರ. ಮೂರು ತಿಂಗಳಿಗೊಮ್ಮೆ ಕಟ್ಟಿದರಾಯಿತು. ಆದರೆ ಇದು ನಿಮ್ಮ ಕೈಯಿಂದಲೇ ಹೋಗಬೇಕು, ನೆನಪಿರಲಿ. ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಬಿಲ್ಲಿನ ಮೇಲೆ ‘ಟ್ಯಾಕ್ಸ್ ಇನ್‌ವಾಯ್ಸ್’ ಬದಲು ‘ಬಿಲ್ ಆಫ್ ಸಪ್ಲೈ’ ಎಂದಿರಬೇಕು. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ಟೂ ಇಲ್ಲ.

ಬೇರೆ ಅಂಗಡಿಗಳಿಗೆ ಸಗಟಾಗಿ ಮಾರುತ್ತೀರಾ? ಅವರಿಗೆ ಆ ಕ್ರೆಡಿಟ್ ಬೇಕಲ್ವಾ, ಹಾಗಾಗಿ ರೆಗ್ಯುಲರ್ (ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡಿ ಕಟ್ಟುವ ಮಾಮೂಲಿ ಪದ್ಧತಿ) ಒಳ್ಳೆಯದು. ಹೊಸೂರಿಗೋ ಹಿಂದೂಪುರಕ್ಕೋ ಮಾಲು ಮಾರುವುದಿದ್ದರಂತೂ ರೆಗ್ಯುಲರ್ ಒಂದೇ ದಾರಿ. ಕಾಂಪೊಸಿಷನ್‌ನವರು ರಾಜ್ಯದಾಚೆ ಮಾರುವಂತಿಲ್ಲ.